ಬೇಲಿಯಿಲ್ಲದ ಸೆರೆಂಗೆಟಿ ಕ್ಯಾಂಪಿನಲ್ಲಿ ಮಧ್ಯರಾತ್ರಿ ಎಚ್ಚರವಾದರೆ?

ಪ್ರಶ್ನೆ: ತಾಂಜಾನಿಯಾಕ್ಕೆ ಆರು ದಿನದ ಕ್ಯಾಂಪಿಂಗ್ ಸಫಾರಿಗೆ ಹೊರಟಿದ್ದೇವೆ. ಸೆರೆಂಗೆಟಿಯಲ್ಲಿ ಎರಡು ರಾತ್ರಿ, ಎನ್‌ಗೊರೊಂಗೊರೊದಲ್ಲಿ ಒಂದು ರಾತ್ರಿ ಟೆಂಟಿನಲ್ಲೇ ಮಲಗಬೇಕು. ಕ್ಯಾಂಪಿಗೆ ಬೇಲಿಯೇ ಇಲ್ಲವಂತೆ, ಶೌಚಾಲಯ ಟೆಂಟಿನಿಂದ ದೂರವಂತೆ. ಸಿಂಹ, ಆನೆ ಓಡಾಡುವ ಕಡೆ ಹೀಗೆ ಮಲಗಬಹುದೇ? ರಾತ್ರಿ ಮೂತ್ರಕ್ಕೆ ಎದ್ದರೆ ಏನು ಮಾಡುವುದು?

ಉತ್ತರ: ಮಲಗಬಹುದು. ಜಿಪ್ ಪೂರ್ತಿ ಎಳೆದು, ಒಳಗೆ ತಿನ್ನುವಂಥದ್ದೇನೂ ಇಡದ ಟೆಂಟಿನಲ್ಲಿ ಅಪಾಯ ತೀರಾ ಕಡಿಮೆ. ಅಪಾಯವೆಲ್ಲ ಇರುವುದು ನೀವು ಹೊರಗೆ ಕಾಲಿಡುವ ಆ ಐದು ನಿಮಿಷದಲ್ಲಿ. ಆದ್ದರಿಂದ ರಾತ್ರಿ ಮಲಗಿದ ಮೇಲೆ ಬೆಳಕಾಗುವ ತನಕ ಹೊರಗೆ ಬರಬೇಕಾದ ಪ್ರಸಂಗವೇ ಬಾರದ ಹಾಗೆ ಹಗಲಲ್ಲೇ ಸಿದ್ಧತೆ ಮಾಡಿಕೊಳ್ಳಿ.

ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ಮುಗಿಸಿ ಹೊರಗೆ ಬಂದು ಮಲಗಿ ರೂಢಿಯಾದವರಿಗೆ ಇದು ವಿಚಿತ್ರ ಅನ್ನಿಸುವುದು ಸಹಜ. ಸೆರೆಂಗೆಟಿಯ ನಡುಭಾಗದ ಸೆರೊನೆರಾದಲ್ಲಿ ಪಿಂಬಿ, ನ್ಯಾನಿ, ನ್ಗುಚಿರೊ ಮುಂತಾದ ಸಾರ್ವಜನಿಕ ಕ್ಯಾಂಪುಗಳಿವೆ. ಸ್ವಾಹಿಲಿಯಲ್ಲಿ ನ್ಯಾನಿ ಎಂದರೆ ಬಬೂನ್, ನ್ಗುಚಿರೊ ಎಂದರೆ ಮುಂಗುಸಿ. ಅಲ್ಲಿ ಕಂಬಿ, ಜಾಲರಿ ಹಾಕಿ ಭದ್ರ ಮಾಡಿರುವುದು ಅಡುಗೆಮನೆ ಮತ್ತು ಊಟದ ಕೋಣೆಯನ್ನು, ಮಲಗುವ ಜಾಗವನ್ನಲ್ಲ. ಪ್ರಾಣಿಯನ್ನು ಕ್ಯಾಂಪಿಗೆ ಕರೆಯುವುದು ಆಹಾರದ ವಾಸನೆ, ಅದಕ್ಕೇ ಈ ವ್ಯವಸ್ಥೆ. ಮುಚ್ಚಿದ ಟೆಂಟನ್ನು ಸಿಂಹ, ಕತ್ತೆಕಿರುಬಗಳು ಸಾಮಾನ್ಯವಾಗಿ ಬಂಡೆಯಂಥ ಒಂದು ಗಟ್ಟಿ ವಸ್ತು ಎಂದೇ ಎಣಿಸಿ ಪಕ್ಕದಲ್ಲಿ ಹಾದುಹೋಗುತ್ತವೆ. ಬಟ್ಟೆ ದಪ್ಪವೋ ತೆಳುವೋ ಎಂಬುದು ಇಲ್ಲಿ ಮುಖ್ಯವಲ್ಲ, ಪೂರ್ತಿ ಮುಚ್ಚಿರಬೇಕು ಅಷ್ಟೆ. ಸೆಖೆಯೆಂದು ಬಾಗಿಲು ತೆರೆದಿಟ್ಟು ಮಲಗುವುದು, ನಕ್ಷತ್ರ ನೋಡುತ್ತ ಹೊರಗೆ ಚಾಪೆ ಹಾಸುವುದು ಖಂಡಿತ ಬೇಡ. ಗಾಳಿಗೆ ಜಾಲರಿ ಕಿಟಕಿ ಸಾಕು.

ನಮ್ಮವರು ತಪ್ಪುವುದು ಹೆಚ್ಚಾಗಿ ತಿಂಡಿಯ ವಿಷಯದಲ್ಲಿ. ಕೋಡುಬಳೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಿರಿ, ಆದರೆ ಯಾವುದೂ ಟೆಂಟಿನೊಳಗೆ ಬರಬಾರದು. ಡಬ್ಬಿ ಭದ್ರವಾಗಿದೆ ಎಂಬ ಸಮಾಧಾನವೂ ಬೇಡ. ಬಾಳೆಹಣ್ಣು, ಕಿತ್ತಳೆ ಅದಕ್ಕಿಂತ ಅಪಾಯ, ಆನೆಗೆ ಹಣ್ಣಿನ ವಾಸನೆ ಬಹುದೂರದಿಂದ ತಿಳಿಯುತ್ತದೆ, ಬಬೂನ್‌ಗಳಂತೂ ಹಗಲಲ್ಲೇ ಟೆಂಟು ಹರಿದು ಚೀಲ ಹೊತ್ತೊಯ್ಯುತ್ತವೆ. ಟೂತ್‌ಪೇಸ್ಟ್, ಪರಿಮಳದ ಸಾಬೂನು, ಕೊಬ್ಬರಿ ಎಣ್ಣೆಯನ್ನೂ ಒಂದೇ ಚೀಲದಲ್ಲಿ ಹಾಕಿ ರಾತ್ರಿ ಗಾಡಿಯಲ್ಲಿಟ್ಟು ಲಾಕ್ ಮಾಡಿಸಿ. ಮಗುವಿನ ಜೇಬಲ್ಲಿ ಉಳಿದ ಚಾಕೊಲೇಟನ್ನು ಮರೆಯಬೇಡಿ. ಚಪ್ಪಲಿ, ಬೂಟು ಮಾತ್ರ ಒಳಗೇ ಇರಲಿ, ಹೊರಗೆ ಬಿಟ್ಟ ಚರ್ಮದ ಬೂಟನ್ನು ಕತ್ತೆಕಿರುಬ ಕಚ್ಚಿಕೊಂಡು ಹೋಗುತ್ತದೆ.

ಇನ್ನು ಮೂತ್ರದ ವಿಷಯ. ಸಮಭಾಜಕಕ್ಕೆ ಹತ್ತಿರದ ಪ್ರದೇಶವಾದ್ದರಿಂದ ಅಲ್ಲಿ ವರ್ಷವಿಡೀ ರಾತ್ರಿ ಸುಮಾರು 12 ಗಂಟೆಯದು. ಒಂಬತ್ತಕ್ಕೆ ಮಲಗಿದರೂ ಬೆಳಕಿಗೆ ಒಂಬತ್ತು ಗಂಟೆ ಕಾಯಬೇಕು. ಎನ್‌ಗೊರೊಂಗೊರೊದಲ್ಲಿ ಕಷ್ಟ ಇನ್ನೂ ಹೆಚ್ಚು. ಅಲ್ಲಿನ ಸಿಂಬಾ ಕ್ಯಾಂಪು ಜ್ವಾಲಾಮುಖಿ ಕುಳಿಯ ಅಂಚಿನಲ್ಲಿ, ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿ ರಕ್ತ ಒಳಭಾಗಕ್ಕೆ ಸರಿಯುತ್ತದೆ, ಆಗ ಮೂತ್ರಪಿಂಡ ಹೆಚ್ಚು ನೀರನ್ನು ಹೊರಹಾಕುತ್ತದೆ. ಹಾಗಾಗಿ ಬೆಚ್ಚಗೆ ಮಲಗುವುದೂ ಈ ಸಿದ್ಧತೆಯ ಭಾಗವೇ. 0ರಿಂದ 5 ಡಿಗ್ರಿಗೆ ತಕ್ಕ ಸ್ಲೀಪಿಂಗ್ ಬ್ಯಾಗ್, ಉಣ್ಣೆ ಟೋಪಿ, ಒಣಗಿದ ಕಾಲುಚೀಲ ಬೇಕು. ಕೆಳಗಿನಿಂದ ನೆಲದ ತಣ್ಪು ಏರದಂತೆ ಮ್ಯಾಟ್ ದಪ್ಪವಿರಲಿ.

ನೀರನ್ನು ಸಂಜೆ ನಾಲ್ಕರೊಳಗೆ ಚೆನ್ನಾಗಿ ಕುಡಿದುಬಿಡಿ. ಊಟದ ನಂತರದ ಕಾಫಿ, ಟೀ ಬಿಡಿ. ಮಲಗುವ ಮುನ್ನ ಎಲ್ಲರೂ ಒಟ್ಟಾಗಿ, ಗೈಡ್ ಜೊತೆಗೆ ಶೌಚಾಲಯಕ್ಕೆ ಹೋಗಿ ಬನ್ನಿ. ಆಮೇಲೂ ಬೇಕಾದರೆ ಟೆಂಟಿನೊಳಗೇ ಮುಗಿಸಿ: ಅಗಲ ಬಾಯಿಯ, ತಿರುಗಿಸಿ ಮುಚ್ಚುವ ಒಂದು ಲೀಟರ್ ಬಾಟಲಿ. ಕತ್ತಲಲ್ಲಿ ಕುಡಿಯುವ ನೀರಿನ ಬಾಟಲಿಯೆಂದು ತಪ್ಪಬಾರದು, ಅದಕ್ಕೆ ಎರಡು ದಪ್ಪ ರಬ್ಬರ್ ಬ್ಯಾಂಡ್ ಸುತ್ತಿ, ಮುಟ್ಟಿದರೆ ಗೊತ್ತಾಗುತ್ತದೆ. ಹೆಂಗಸರಿಗೆ, ಮಕ್ಕಳಿಗೆ ಮುಚ್ಚಳವಿರುವ ಸಣ್ಣ ಬಕೆಟ್ ಅನುಕೂಲ. ಹೆಂಗಸರು ನಿಂತೇ ಮೂತ್ರ ಮಾಡಲು ಬಳಸುವ ಸಿಲಿಕೋನ್ ಫನಲ್ ಒಯ್ಯುವುದಾದರೆ ಮನೆಯ ಬಚ್ಚಲಲ್ಲಿ ನಾಲ್ಕು ಸಲ ಬಳಸಿ ಕೈ ಕುದುರಿಸಿಕೊಂಡೇ ಹೊರಡಿ, ಮೊದಲ ಸಲ ಚೆಲ್ಲುವುದೇ ಹೆಚ್ಚು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಭೇದಿಯಾದರೆ ಬಾಟಲಿ ಸಾಲದು. ಹೊಟ್ಟೆ ಸರಿಯಿಲ್ಲ ಎನಿಸಿದ ಕೂಡಲೇ, ಬೆಳಕಿರುವಾಗಲೇ ಗೈಡ್‌ಗೆ ಹೇಳಿ. ಟೆಂಟನ್ನು ಶೌಚಾಲಯದ ಹತ್ತಿರಕ್ಕೆ ಸರಿಸಿ, ಗಾಡಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಡುತ್ತಾರೆ.

ಹೊರಗೆ ಹೋಗಲೇಬೇಕಾಗಿ ಬಂದರೆ ಆತುರ ಬೇಡ. ಮೊದಲು ಎದ್ದು ಕುಳಿತು ಎರಡು ನಿಮಿಷ ಕಿವಿಗೊಡಿ. ಹುಲ್ಲು ಪರಪರ ಹರಿಯುವ ಸದ್ದು ಬಂದರೆ ಜೀಬ್ರಾನೋ ಕೇಪ್ ಬಫೆಲೋನೋ ಮೇಯುತ್ತಿದೆ ಎಂದರ್ಥ, ಗರಗಸದಲ್ಲಿ ಮರ ಕೊಯ್ದಂಥ ಸದ್ದು ಚಿರತೆಯದು. ಸಿಂಹದ ಗರ್ಜನೆ 8 ಕಿಲೋಮೀಟರ್‌ವರೆಗೂ ಕೇಳಿಸಬಲ್ಲದು, ಎದೆ ನಡುಗಿಸಿದರೂ ಅದು ದೂರವೇ ಇರಬಹುದು. ಏನೂ ಕೇಳದಿದ್ದರೆ ಜಿಪ್ಪನ್ನು ಒಂದು ಗೇಣು ತೆಗೆದು, ಟಾರ್ಚ್ ಬೆಳಕನ್ನು ನಿಧಾನವಾಗಿ ಎಡದಿಂದ ಬಲಕ್ಕೆ ಹಾಯಿಸಿ. ಕಣ್ಣು ಹೊಳೆದರೆ ಅದು ಜಿಂಕೆಯೋ ಸಿಂಹವೋ ಎಂದು ಲೆಕ್ಕ ಹಾಕುತ್ತ ಕೂರಬೇಡಿ, ಜಿಪ್ ಎಳೆದು ಒಳಗೇ ಇರಿ. ಬೆನ್ನು ತೋರಿಸಿ ನಿಂತ ಆನೆಯ ಕಣ್ಣು ಹೊಳೆಯುವುದಿಲ್ಲ, ಅದಕ್ಕಾಗಿ ಸಂಜೆ ಇಲ್ಲದಿದ್ದ ಕಪ್ಪು ಆಕಾರ ಏನಾದರೂ ಇದೆಯೇ ಎಂದೂ ನೋಡಿ. ಎಲ್ಲ ಖಾಲಿ ಇದ್ದರೆ ಗೈಡನ್ನು ಕೂಗಿ ಎಬ್ಬಿಸಿ, ಆತ ಬಂದ ಮೇಲೆ ಇಬ್ಬರೂ ಜೊತೆಯಾಗಿ ನಡೆಯಿರಿ. ಟೆಂಟಿನ ಹಿಂಭಾಗಕ್ಕೂ ಬೆಳಕು ಬಿಡಿ. ಶೌಚಾಲಯದೊಳಗೆ ಟಾರ್ಚ್ ಹಾಯಿಸದೆ ಕಾಲಿಡಬೇಡಿ. ಎದುರಿಗೆ ಏನೇ ಬಂದರೂ ಓಡಬಾರದು, ಓಡುವುದನ್ನು ಅಟ್ಟಿಸಿಕೊಂಡು ಹೋಗುವುದು ಸಿಂಹ, ಕತ್ತೆಕಿರುಬಗಳ ಸ್ವಭಾವ. ಮುಖ ಅದರ ಕಡೆಗೇ ಇಟ್ಟು ನಿಧಾನವಾಗಿ ಹಿಂದಕ್ಕೆ ಸರಿಯಿರಿ.

ಸಿಂಬಾ ಕ್ಯಾಂಪಿನಲ್ಲಿ ಆನೆಗಳು ನೀರಿನ ಟ್ಯಾಂಕಿಗೆ ಬರುವುದುಂಟು. ಆಗ ಟಾರ್ಚ್, ಫ್ಲ್ಯಾಶ್, ಮಾತು ಮೂರೂ ಬೇಡ. ಅದು ಹೋಗುವವರೆಗೆ ಸುಮ್ಮನಿರಿ. ಯಾವುದೇ ಪ್ರಾಣಿ ಟೆಂಟಿನ ಬಟ್ಟೆಯನ್ನೇ ಎಳೆಯತೊಡಗಿದರೆ ಮಾತ್ರ ಜೋರಾಗಿ ಕೂಗಬೇಕು, ವಿಸಿಲ್ ಊದಬೇಕು. ಮೂರು ಸಲ ಊದಿದರೆ ಗೈಡ್ ಹಾರ್ನ್ ಹಾಕಿ ಹೆಡ್‌ಲೈಟ್ ಹಚ್ಚಬೇಕು ಎಂಬುದನ್ನು ಮೊದಲ ಸಂಜೆಯೇ ಮಾತಾಡಿಕೊಂಡಿರಿ.

ಟೆಂಟಿನ ಜಾಗವನ್ನೂ ನೀವು ಕೇಳಿ ಪಡೆಯಬಹುದು. ಉಳಿದ ಟೆಂಟುಗಳಿಂದ ದೂರದ ಅಂಚು, ಕಸದ ಗುಂಡಿಯ ಬಳಿ, ಹುಲ್ಲು ಸವೆದ ಪ್ರಾಣಿಗಳ ದಾರಿ ಇವು ಮೂರೂ ಬೇಡ. ಮಕ್ಕಳನ್ನು ಬೇರೆ ಟೆಂಟಿನಲ್ಲಿ ಮಲಗಿಸದೆ ನಿಮ್ಮ ನಡುವೆ ಹಾಕಿಕೊಳ್ಳಿ.

ನಿದ್ದೆಯಲ್ಲಿ ಎದ್ದು ನಡೆಯುವ ಅಭ್ಯಾಸವಿರುವವರು, ಪ್ರಾಸ್ಟೇಟ್ ಅಥವಾ ಸಕ್ಕರೆ ಕಾಯಿಲೆಯಿಂದ ರಾತ್ರಿ ನಾಲ್ಕೈದು ಸಲ ಏಳುವವರು ಈ ಬಗೆಯ ಕ್ಯಾಂಪಿಗೆ ಹೋಗದಿರುವುದೇ ಒಳ್ಳೆಯದು. ಟೆಂಟಿಗೇ ಶೌಚಾಲಯ ಸೇರಿಸಿದ ಕ್ಯಾಂಪುಗಳಿವೆ, ಖರ್ಚು ಹೆಚ್ಚಾದರೂ ಅವನ್ನೇ ಆರಿಸಿ. ಹಾಗೆಯೇ, ಕಂಪನಿ ‘ಸ್ಪೆಷಲ್ ಕ್ಯಾಂಪ್‌ಸೈಟ್’ ಎಂದರೆ ಹೆಚ್ಚು ಸೌಕರ್ಯ ಎಂದುಕೊಳ್ಳಬೇಡಿ. ಆ ಜಾಗ ನಿಮ್ಮ ತಂಡಕ್ಕೆ ಮಾತ್ರ ಮೀಸಲು ಎಂದಷ್ಟೇ ಅದರ ಅರ್ಥ. ಅಲ್ಲಿ ನೀರು, ಶೌಚಾಲಯ ಯಾವುದೂ ಇರುವುದಿಲ್ಲ, ಶೌಚದ ಟೆಂಟು ತರುತ್ತಾರೆಯೇ, ಎಷ್ಟು ಹತ್ತಿರ ಹಾಕುತ್ತಾರೆ ಎಂದು ದುಡ್ಡು ಕಟ್ಟುವ ಮೊದಲೇ ಕೇಳಿ.

ಬೆಳಿಗ್ಗೆ ಅಡುಗೆಯವರ ಪಾತ್ರೆಯ ಸದ್ದು ಕೇಳಿ, ಹೊರಗೆ ಬೆಳಕು ಬಿಟ್ಟ ಮೇಲೆ ಜಿಪ್ ತೆಗೆಯಿರಿ. ಬೂಟನ್ನು ತಲೆಕೆಳಗು ಮಾಡಿ ಕೊಡವಿ ಹಾಕಿಕೊಳ್ಳಿ, ಚೇಳು ಇರಬಹುದು. ಆಮೇಲೆ ಟೆಂಟಿನ ಸುತ್ತ ಮಣ್ಣು ನೋಡಿ: ನಾಲ್ಕು ಬೆರಳಿನ ಗುರುತಿದ್ದು ಉಗುರು ಮೂಡಿದ್ದರೆ ಕತ್ತೆಕಿರುಬ, ಉಗುರು ಮೂಡದ ಅಗಲ ಹೆಜ್ಜೆಯಾದರೆ ಸಿಂಹ.