ಎಬ್ರೋ ನದಿ ದಾಟಿದವರು ಸೋತದ್ದು ಯಾಕೆ?

ಓದುಗರ ಪ್ರಶ್ನೆ: ಸ್ಪೇನಿನ ಅಂತರ್ಯುದ್ಧದಲ್ಲಿ ಗಣರಾಜ್ಯದ ಸೈನ್ಯ ಒಂದೇ ರಾತ್ರಿಯಲ್ಲಿ ಎಬ್ರೋ ನದಿ ದಾಟಿ, ಸರ್ಕಾರದ ವಿರುದ್ಧ ದಂಗೆ ಎದ್ದ ಜನರಲ್ ಫ್ರಾಂಕೋ ಪಡೆಯನ್ನು ಬೆಚ್ಚಿಬೀಳಿಸಿತು ಎಂದು ಓದಿದ್ದೇನೆ. ಅಷ್ಟು ಚೆನ್ನಾಗಿ ಶುರುವಾದ ದಾಳಿ ಸೋಲಿನಲ್ಲಿ ಮುಗಿದದ್ದು ಹೇಗೆ?

ಉತ್ತರ: ಆ ರಾತ್ರಿ ಸೈನಿಕರು ದಾಟಿದರು, ಅವರ ಹಿಂದೆ ಬರಬೇಕಿದ್ದ ಟ್ಯಾಂಕು, ಫಿರಂಗಿ, ಲಾರಿಗಳು ಹೊತ್ತಿಗೆ ಸರಿಯಾಗಿ ದಾಟಲಿಲ್ಲ. ಸೋಲಿನ ಬೀಜ ಇರುವುದು ಅಲ್ಲೇ.

1938ರ ಏಪ್ರಿಲ್ 15ರಂದು ಫ್ರಾಂಕೋ ಪಡೆ ವಿನರೋಸ್ ಊರಿನಲ್ಲಿ ಕಡಲು ಮುಟ್ಟಿ ಗಣರಾಜ್ಯದ ನೆಲವನ್ನು ಎರಡು ಹೋಳು ಮಾಡಿತ್ತು. ಜೂನ್‌ನಲ್ಲಿ ಫ್ರಾನ್ಸ್ ತನ್ನ ಗಡಿ ಮುಚ್ಚಿದ್ದರಿಂದ ಆಯುಧ ಬರುವ ದಾರಿಯೂ ನಿಂತಿತು. ಅದೇ ತಿಂಗಳು ನಮ್ಮ ಜವಾಹರಲಾಲ್ ನೆಹರೂ ಬಾರ್ಸಿಲೋನಾಕ್ಕೆ ಹೋಗಿ, ಒಂದು ಕಾಲಕ್ಕೆ ಕಲ್ಲುಕುಟಿಗನಾಗಿದ್ದ ಸೇನಾನಿ ಲಿಸ್ತೆರ್ ಅವರನ್ನು ಕಂಡು ಬಂದಿದ್ದರು. ಕೆಲವೇ ವಾರಗಳಲ್ಲಿ ಎಬ್ರೋ ದಾಟಿದವರಲ್ಲಿ ಈ ಲಿಸ್ತೆರ್ ಪಡೆಯೂ ಇತ್ತು. ಫ್ರಾಂಕೋ ಕಣ್ಣು ಆಗ ಗಣರಾಜ್ಯದ ಕೈಲಿದ್ದ ವೆಲೆನ್ಸಿಯಾ ನಗರದ ಮೇಲಿತ್ತು. ಅವನ ಸೈನ್ಯವನ್ನು ಅಲ್ಲಿಂದ ಬೇರೆಡೆಗೆ ಎಳೆಯಬೇಕೆಂದು ಗಣರಾಜ್ಯ ಸೇನೆಯ ಮುಖ್ಯಸ್ಥ ವಿಸೆಂಟೆ ರೋಹೋ ಎಬ್ರೋ ದಾಟುವ ಈ ಯೋಜನೆ ಹೂಡಿದರು.

ಜುಲೈ 25, ನಡುರಾತ್ರಿ ಕಳೆದು ಸ್ವಲ್ಪ ಹೊತ್ತು. ದೀಪವಿಲ್ಲ, ಸದ್ದಿಲ್ಲ. ಸಣ್ಣ ಸಣ್ಣ ದೋಣಿಗಳಲ್ಲಿ ಹತ್ತತ್ತು ಜನ ಕೂತು ಹುಟ್ಟು ಹಾಕಿದರು. ಹಿಂದೆಯೇ ಎಂಜಿನಿಯರುಗಳು ಬೆಂಡಿನ ತೆಪ್ಪಗಳ ಮೇಲೆ ಹಲಗೆ ಹಾಸಿ ಕಾಲುಸಂಕ ಕಟ್ಟಿದರು. ಒಬ್ಬರ ಹಿಂದೊಬ್ಬರು ಸಾಲಾಗಿ ನಡೆದರು. ನದಿಯ ಕೆಳಹರಿವಿನ ಅಂಪೋಸ್ತಾದಲ್ಲಿ ದಾಟಲು ಹೋದವರು ಮಾತ್ರ ನೀರಿನಲ್ಲೇ ಗುಂಡಿಗೆ ಸಿಕ್ಕಿ ಅಪಾರ ಸಾವು ಕಂಡರು. ಉಳಿದ ಕಡೆ ಕಾವಲಿದ್ದವರಿಗೆ ಏನಾಗುತ್ತಿದೆ ಎಂದು ತಿಳಿಯುವಷ್ಟರಲ್ಲಿ ಕೈಮೀರಿತ್ತು. ಗಣರಾಜ್ಯದವರು ಗಾಂದೇಸಾ ಊರಿನ ಬಾಗಿಲವರೆಗೂ ಹೋದರು.

ಊರು ಮಾತ್ರ ಸಿಗಲಿಲ್ಲ. ಭಾರ ಹೊರುವ ಸೇತುವೆ ಕಟ್ಟಲು ಕಾಲುಸಂಕಕ್ಕಿಂತ ಬಹಳ ಹೊತ್ತು ಬೇಕು, ಹೊತ್ತು ಯಾರೂ ಕೊಡಲಿಲ್ಲ. ಫ್ರಾಂಕೋ ನೆರವಿಗೆ ಬಂದಿದ್ದ ಜರ್ಮನಿಯ ಕಾಂಡರ್ ಪಡೆಯ ವಿಮಾನಗಳೂ ಇಟಲಿಯ ವಿಮಾನಗಳೂ ಸೇತುವೆಗಳ ಮೇಲೆ ಬಾಂಬು ಸುರಿದವು. ಗಣರಾಜ್ಯದ ವಿಮಾನಗಳು ಮೊದಲ ದಿನಗಳಲ್ಲಿ ಅಲ್ಲಿರಲೇ ಇಲ್ಲ. ನನ್ನ ಮಟ್ಟಿಗೆ ಆ ದಾಳಿಯ ಅತಿ ದುಬಾರಿ ತಪ್ಪು ಇದು. ಇನ್ನು ಎಬ್ರೋಗೆ ನೀರು ಹರಿಸುವ, ಪಿರಿನೀಸ್ ಪರ್ವತದ ಬುಡದ ಟ್ರೆಂಪ್, ಕಮರಾಸಾ ಅಣೆಕಟ್ಟುಗಳು ಏಪ್ರಿಲ್‌ನಲ್ಲೇ ಫ್ರಾಂಕೋ ಪಾಲಾಗಿದ್ದವು. ಅವುಗಳ ಗೇಟು ಎತ್ತಿದರು. ಸುಡುಬೇಸಿಗೆಯಲ್ಲಿ, ಒಂದು ಹನಿ ಮಳೆ ಬೀಳದೆ, ಎಬ್ರೋ ಉಕ್ಕಿ ಬಂದು ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು. ಹಗಲು ಮುರಿದದ್ದನ್ನು ಎಂಜಿನಿಯರುಗಳು ರಾತ್ರಿ ಮತ್ತೆ ಕಟ್ಟುತ್ತಿದ್ದರು. ಈ ಕದನದಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಗೌರವ ಇರುವುದು ಅವರ ಮೇಲೆ.

ಅಷ್ಟಾದ ಮೇಲೂ ಹಿಂದಕ್ಕೆ ಬರಲಿಲ್ಲವೇಕೆ ಎಂದು ನೀವು ಕೇಳಬಹುದು. ಪ್ರಧಾನಿ ನೆಗ್ರಿನ್‌ಗೆ ಒಂದು ಆಸೆಯಿತ್ತು: ಜೆಕೊಸ್ಲೊವಾಕಿಯಾ ವಿಚಾರಕ್ಕೆ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡರೆ ಬ್ರಿಟನ್, ಫ್ರಾನ್ಸ್ ತಮ್ಮ ಕೈಹಿಡಿಯುತ್ತವೆ, ಅಲ್ಲಿಯವರೆಗೆ ತಾಳಿಕೊಂಡರೆ ಸಾಕು. ಆ ಆಸೆಗಾಗಿ ಸೈನಿಕರು ಪಾಂದೋಲ್ಸ್ ಬೆಟ್ಟಸಾಲಿನ ಮೇಲೆ ಬೇರುಬಿಟ್ಟು ಕೂತರು. ಅದು ಬರೀ ಕಲ್ಲು. ಗುದ್ದಲಿ ಇಳಿಯದು, ಕಂದಕ ತೋಡಲಾಗದು. ಷೆಲ್ ಸಿಡಿದರೆ ಬಂಡೆಯ ಚೂರುಗಳೂ ಹಾರಿ ಮೈಗೆ ನಾಟುತ್ತಿದ್ದವು. ಕುಡಿಯುವ ನೀರೂ ಹೇಸರಗತ್ತೆಯ ಬೆನ್ನ ಮೇಲೆ ಮೇಲೇರಬೇಕಿತ್ತು. ಸೆಪ್ಟೆಂಬರ್ 30ರಂದು ಮ್ಯೂನಿಕ್‌ನಲ್ಲಿ ಬ್ರಿಟನ್, ಫ್ರಾನ್ಸ್ ಎರಡೂ ಯುದ್ಧದ ಬದಲು ಜೆಕೊಸ್ಲೊವಾಕಿಯಾದ ಒಂದು ಭಾಗವನ್ನು ಹಿಟ್ಲರನಿಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದವು. ಆ ಬೆಟ್ಟದ ಮೇಲಿದ್ದವರ ಸೋಲು ಅಂದೇ ನಿಶ್ಚಯವಾಯಿತು ಎಂದು ನಾನು ನಂಬಿದ್ದೇನೆ.

ಒಂದು ಮಾತು ಅವರ ಪರವಾಗಿ ಹೇಳಲೇಬೇಕು. ಈ ದಾಳಿಯಿಂದಾಗಿ ವೆಲೆನ್ಸಿಯಾ ಮೇಲಿನ ದಾಳಿ ನಿಂತಿತು, ಯುದ್ಧ ಮುಗಿಯುವವರೆಗೂ ಆ ನಗರ ಬೀಳಲಿಲ್ಲ. ಆದರೆ ಕಳೆದುಕೊಂಡ ಆಯುಧವನ್ನೂ ಅನುಭವಿ ಸೈನಿಕರನ್ನೂ ತುಂಬಿಕೊಳ್ಳುವ ದಾರಿ ಫ್ರಾಂಕೋಗಿತ್ತು, ಗಣರಾಜ್ಯಕ್ಕಿರಲಿಲ್ಲ.

115ನೇ ದಿನ, ನವೆಂಬರ್ 16ರ ನಸುಕಿನಲ್ಲಿ, ಉಳಿದವರು ಫ್ಲಿಶ್ ಬಳಿ ನದಿ ದಾಟಿ ವಾಪಸಾದರು. ಕೊನೆಯ ತುಕಡಿ ದಾಟಿದ ಮೇಲೆ ಅಲ್ಲಿನ ಕಬ್ಬಿಣದ ಸೇತುವೆಯನ್ನು ತಾವೇ ಸಿಡಿಸಿದರು. ಬಾರ್ಸಿಲೋನಾ ಬೀಳಲು ಅಲ್ಲಿಂದ ಹತ್ತೇ ವಾರ ಸಾಕಾಯಿತು.