ಗುರ್ಜಿ ಹೊತ್ತರು, ಮಳೆ ಬಂತು: ಕಾಕತಾಳೀಯವನ್ನು ಎಣಿಸಿ ನೋಡುವುದು

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯ. ಸಂವಿಧಾನದ 51ಎ ವಿಧಿ, 1976ರ 42ನೇ ತಿದ್ದುಪಡಿ. ಪರೀಕ್ಷೆಗೆ ಓದುವ ನಾವೆಲ್ಲ ಇದನ್ನು ಬಾಯಿಪಾಠ ಮಾಡಿರುತ್ತೇವೆ. ಆ ಮನೋಭಾವ ದಿನನಿತ್ಯ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮಾತ್ರ ಗೈಡುಗಳು ಹೇಳುವುದಿಲ್ಲ. ನನ್ನ ಪ್ರಕಾರ ಅದರ ಬೇರು ಒಂದು ಅಭ್ಯಾಸದಲ್ಲಿದೆ: ಆಗಿದ್ದನ್ನು ಎಣಿಸುವಾಗ ಆಗದೇ ಹೋದದ್ದನ್ನೂ ಎಣಿಸುವುದು.

ನಮ್ಮ ಕಲಬುರಗಿ ಕಡೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮುಂಗಾರು ಕೈಕೊಟ್ಟು ತೊಗರಿ ಬಿತ್ತನೆ ತಡವಾದರೆ ಹಳ್ಳಿಗಳಲ್ಲಿ ಗುರ್ಜಿ ಹೊರುತ್ತಾರೆ. ರೊಟ್ಟಿ ಹಂಚಿನ ಮೇಲೆ ಗುರ್ಜಿ ಎಂಬ ಸೆಗಣಿಯ ಮೂರ್ತಿ ಇಟ್ಟು, ತಲೆ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಮನೆಯವರು ಕೊಡದಿಂದ ನೀರು ಹೊಯ್ಯುತ್ತಾರೆ. ಕೆಲವು ಊರುಗಳಲ್ಲಿ ಕತ್ತೆ ಮದುವೆ, ಕಪ್ಪೆ ಮದುವೆ ಮಾಡುತ್ತಾರೆ. ಎರಡು ಮೂರು ದಿನದಲ್ಲಿ ಮಳೆ ಬರುತ್ತದೆ. "ನೋಡ್ರಿ, ಬಂತಲ್ಲ!" ಅಂತಾರೆ.

ಬಂದದ್ದು ನಿಜ. ಈಗ ಲೆಕ್ಕ ಮಾಡಿ. ಜುಲೈ ತಿಂಗಳಲ್ಲಿ ಸರಾಸರಿ ಮೂರು ದಿನಕ್ಕೊಂದು ದಿನ ಮಳೆ ಎಂದು ಇಟ್ಟುಕೊಳ್ಳಿ. ಒಂದು ದಿನ ಮಳೆ ಬಾರದಿರುವ ಸಾಧ್ಯತೆ 2/3. ಸತತ ಮೂರು ದಿನವೂ ಬಾರದಿರುವ ಸಾಧ್ಯತೆ 2/3 × 2/3 × 2/3, ಅಂದರೆ 8/27. ಸುಮಾರು ಶೇ 30. ಉಳಿದ ಶೇ 70 ಸಲ ಮೂರು ದಿನದೊಳಗೆ ಒಂದಾದರೂ ಮಳೆ ಬಂದೇ ಬರುತ್ತದೆ, ಯಾರೂ ಏನೂ ಮಾಡದಿದ್ದರೂ. ಮಳೆಯ ದಿನಗಳು ಗುಂಪುಗುಂಪಾಗಿ ಬರುವುದರಿಂದ ನಿಜವಾದ ಅಂಕಿ ಆಚೀಚೆ ಆಗುತ್ತದೆ. ಆದರೆ ಲೆಕ್ಕ ಮಾಡುವ ದಾರಿ ಇದೇ.

ಇನ್ನೊಂದು ಸೂಕ್ಷ್ಮವೂ ಇದೆ, ಇದನ್ನು ಅಡಿಗೆರೆ ಹಾಕಿ ಓದಿ. ಮಳೆ ಬರುವವರೆಗೂ ಆಚರಣೆ ನಡೆಯುತ್ತದೆ, ಮಳೆ ಬಂದ ಮೇಲೆ ನಿಲ್ಲುತ್ತದೆ. ಹಾಗಿದ್ದರೆ ಅದು ಸೋಲುವುದಕ್ಕೆ ಜಾಗವೇ ಇಲ್ಲ, ಅಲ್ವಾ? ಸೋಲಲು ಸಾಧ್ಯವೇ ಇಲ್ಲದ ಮಾತನ್ನು ಪರೀಕ್ಷಿಸಲು ಆಗುವುದಿಲ್ಲ. ಗುರ್ಜಿ ಹೊರುವುದು ಬಿಡಬೇಕು ಎಂದು ನಾನು ಹೇಳುವುದಿಲ್ಲ. ಬರದ ಹೊತ್ತಿನಲ್ಲಿ ಊರು ಒಟ್ಟಿಗೆ ಸೇರುವುದು, ಹಾಡುವುದು, ಹಂಚಿಕೊಂಡು ಉಣ್ಣುವುದು ಚಂದದ ಸಂಗತಿ. ಮಳೆಯ ಕಾರಣ ಮಾತ್ರ ಅರಬ್ಬೀ ಸಮುದ್ರದ ತೇವ ಹೊತ್ತ ಗಾಳಿ, ಬಂಗಾಳ ಕೊಲ್ಲಿಯಲ್ಲಿ ಏಳುವ ವಾಯುಭಾರ ಕುಸಿತ.

ಮನಸ್ಸು ಯಾಕೆ ಹೀಗೆ ಜೋಡಿಸುತ್ತದೆ? 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಹಸಿದ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟರು. ಹಕ್ಕಿ ಏನೇ ಮಾಡಲಿ, ನಿಗದಿತ ಅಂತರಕ್ಕೆ ಕಾಳು ಬರುತ್ತಿತ್ತು. ಎಂಟು ಹಕ್ಕಿಗಳಲ್ಲಿ ಆರು ತಮ್ಮದೇ ವಿಚಿತ್ರ ಚಲನೆಗಳನ್ನು ಶುರು ಮಾಡಿದವು. ಒಂದು ಸುಮ್ನೆ ಸುತ್ತು ಹಾಕುತ್ತಿತ್ತು, ಇನ್ನೊಂದು ಪೆಟ್ಟಿಗೆಯ ಮೂಲೆಗೆ ತಲೆ ಚಾಚುತ್ತಿತ್ತು. ಕಾಳು ಬಂದಾಗ ಅಕಸ್ಮಾತ್ತಾಗಿ ಮಾಡುತ್ತಿದ್ದದ್ದೇ ಗಟ್ಟಿಯಾಯಿತು ಎಂದು ಸ್ಕಿನ್ನರ್ ವಿವರಿಸಿದರು. 1971ರಲ್ಲಿ ಸ್ಟ್ಯಾಡನ್ ಮತ್ತು ಸಿಮೆಲ್‌ಹಾಗ್ ಈ ಪ್ರಯೋಗವನ್ನು ಮತ್ತೆ ಮಾಡಿ, ಇಂಥ ಚಲನೆಗಳಲ್ಲಿ ಹಲವು ಆಹಾರಕ್ಕೆ ಕಾಯುವ ಹಕ್ಕಿಯ ಸಹಜ ವರ್ತನೆ ಎಂದು ತೋರಿಸಿದರು. ಹೆಸರಾಂತ ವಿಜ್ಞಾನಿಯ ಮಾತನ್ನೂ ಹೀಗೆ ಮರುಪರೀಕ್ಷೆಗೆ ಒಡ್ಡಬಹುದು. ನನಗೆ ಮೊದಲ ಪ್ರಯೋಗಕ್ಕಿಂತ ಇದೇ ಜಾಸ್ತಿ ಇಷ್ಟ.

ಈಗ ಎಣಿಸುವುದಕ್ಕೆ ನಾಲ್ಕು ಮನೆಗಳ, ಅಂದರೆ ನಾಲ್ಕು ಚೌಕಗಳ, ಒಂದು ಪಟ್ಟಿ. ಬೆಕ್ಕು ಅಡ್ಡ ಬಂತು, ಕೆಲಸ ಕೆಟ್ಟಿತು: ಇದು ಮೊದಲ ಮನೆ. ಅಡ್ಡ ಬಂತು, ಕೆಲಸ ಆಯಿತು: ಎರಡನೆಯದು. ಬೆಕ್ಕೇ ಬರಲಿಲ್ಲ, ಆದರೂ ಕೆಟ್ಟಿತು: ಮೂರನೆಯದು. ಬರಲಿಲ್ಲ, ಕೆಲಸ ಆಯಿತು: ನಾಲ್ಕನೆಯದು. ಬೆಕ್ಕು ಅಡ್ಡ ಬಂದ ದಿನ 10, ಅದರಲ್ಲಿ ಕೆಲಸ ಕೆಟ್ಟದ್ದು 3 ದಿನ ಎನ್ನಿ. ಬೆಕ್ಕು ಬಾರದ ದಿನ 100, ಕೆಟ್ಟದ್ದು 30 ದಿನ. ಎರಡೂ ಕಡೆ ಶೇ 30. ಬೆಕ್ಕಿನಿಂದ ಏನೂ ಬದಲಾಗಿಲ್ಲ. ಆದರೆ ಜನರ ಬಾಯಲ್ಲಿ ಕಥೆಯಾಗಿ ಉಳಿಯುವುದು ಮೊದಲ ಮನೆಯ ಆ ಮೂರು ದಿನ ಮಾತ್ರ. "ಬೆಕ್ಕು ಬಂದಿತ್ತು, ಏನೂ ಆಗಲಿಲ್ಲ" ಎಂದು ಯಾರು ಯಾರಿಗೆ ಹೇಳುತ್ತಾರೆ?

ಕಾಮಣಿ (ಕಾಮಾಲೆ) ತೆಗೆಸುವ ನಾಟಿ ಪದ್ಧತಿಗೂ ಇದೇ ಪಟ್ಟಿ ಹಾಕಿ ನೋಡಿ. ಹೆಪಟೈಟಿಸ್ ಎ ವೈರಸ್‌ನಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮಾತ್ರ ಕಾಮಣಿ ತೆಗೆದವರಿಗೆ. ಹಾವು ಕಚ್ಚಿದಾಗಲೂ ಅಷ್ಟೇ. ಹೊಲದಲ್ಲಿ ಕಾಣುವ ಹಾವುಗಳಲ್ಲಿ ವಿಷವಿಲ್ಲದವು ಬಹಳ, ವಿಷದ ಹಾವು ಕೂಡ ಒಮ್ಮೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಮಂತ್ರ ಹಾಕಿಸಿಕೊಂಡು ಎದ್ದು ಕೂರುತ್ತಾರೆ, ಊರಿಗೆಲ್ಲ ಹೇಳುತ್ತಾರೆ. ನಾಗರಹಾವು, ಕೊಳಕುಮಂಡಲ ವಿಷ ಬಿಟ್ಟಿದ್ದರೆ ಬದುಕಿಸುವುದು ಆಸ್ಪತ್ರೆಯ ಪ್ರತಿವಿಷ. ಮಂತ್ರದ ಮುಂದೆ ಕಾದು ಸತ್ತವರು ಬಂದು ಸಾಕ್ಷಿ ಹೇಳುವುದಿಲ್ಲ. ಪಟ್ಟಿಯ ಆ ಮನೆ ಖಾಲಿ ಕಾಣುವುದು ಅದಕ್ಕೇ.

ಪರೀಕ್ಷೆ ಹೇಗಿರಬೇಕು ಎಂಬುದಕ್ಕೆ ಪುಣೆಯ ಉದಾಹರಣೆ ಬರೆದಿಟ್ಟುಕೊಳ್ಳಿ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್, ಮೂಢನಂಬಿಕೆ ವಿರೋಧಿ ಹೋರಾಟಗಾರ ನರೇಂದ್ರ ದಾಭೋಲ್ಕರ್ ಮತ್ತು ಸಂಗಡಿಗರು 200 ಜಾತಕ ಸಂಗ್ರಹಿಸಿದರು. ಅರ್ಧ ಜಾಣ ವಿದ್ಯಾರ್ಥಿಗಳದ್ದು, ಅರ್ಧ ಬುದ್ಧಿಮಾಂದ್ಯ ಮಕ್ಕಳದ್ದು. ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕ ಕೊಟ್ಟು, ಯಾವುದು ಯಾರದ್ದು ಹೇಳಿ ಎಂದರು. 27 ಜ್ಯೋತಿಷಿಗಳು ಉತ್ತರ ಕಳಿಸಿದರು. ಸರಿಯಾದ ಉತ್ತರ ಸರಾಸರಿ ಶೇ 46. ನಾಣ್ಯ ಚಿಮ್ಮಿದರೂ ಶೇ 50ರ ಆಸುಪಾಸು ಬರುತ್ತದೆ. ಫಲಿತಾಂಶ 2009ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಗೆಲುವು ಯಾವುದು, ಸೋಲು ಯಾವುದು ಎಂದು ಮೊದಲೇ ತೀರ್ಮಾನವಾಗಿತ್ತು ಎಂಬುದನ್ನು ಗಮನಿಸಿ. ಗುರ್ಜಿಯಲ್ಲಿ ಇಲ್ಲದ್ದು ಅದೇ.

ಇದೆಲ್ಲ ಬರೀ ಲೆಕ್ಕದ ಮಾತಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ನಮ್ಮ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಗುಂಡಿಯಲ್ಲಿ ಹೂತಿಟ್ಟಿದ್ದರು. ಹಾಗೆ ಮಾಡಿದರೆ ಅಂಗವೈಕಲ್ಯ ಹೋಗುತ್ತದೆ ಎಂಬ ನಂಬಿಕೆ. ಆ ಚಿತ್ರ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಂದೆ ತಾಯಿಯನ್ನು ಬೈಯಲು ಮನಸ್ಸು ಬರುವುದಿಲ್ಲ. ಎಲ್ಲ ದಾರಿ ಮುಚ್ಚಿದೆ ಅನ್ನಿಸಿದವರಿಗೆ "ಫಲಾನೆ ಊರಿನ ಕೂಸು ಎದ್ದು ನಡೆಯಿತಂತೆ" ಎಂಬ ಒಂದು ಮಾತು ಸಾಕು. ಹೂತಿಟ್ಟ ಮೇಲೂ ನಡೆಯದ ಮಕ್ಕಳ ಸುದ್ದಿ ಅವರವರೆಗೆ ತಲುಪುವುದೇ ಇಲ್ಲ.

ಸೂರ್ಯಗ್ರಹಣ ಎಂದರೆ ಸೂರ್ಯನಿಗೂ ಭೂಮಿಗೂ ನಡುವೆ ಚಂದ್ರ ಬಂದು ನೆರಳು ಬೀಳುವುದು. ವರ್ಷಗಟ್ಟಲೆ ಮುಂಚೆಯೇ ಅದರ ಹೊತ್ತನ್ನು ಹೇಳಬಹುದು. 2027ರ ಆಗಸ್ಟ್ 2ರಂದು ಭಾರತದ ಹಲವು ಕಡೆ ಪಾರ್ಶ್ವ ಸೂರ್ಯಗ್ರಹಣವಿದೆ. ಬಿ.ಇಡಿ. ಓದುತ್ತಿರುವವರು, ಆಶಾ ಕಾರ್ಯಕರ್ತೆಯರ ಪರಿಚಯ ಇರುವವರು ಅದಕ್ಕೆ ಒಂದು ತಿಂಗಳು ಮೊದಲೇ ಇಂಥ ಮಕ್ಕಳಿರುವ ಮನೆಗಳಿಗೆ ಹೋಗಿ ಕೂತು ಮಾತಾಡಬೇಕು. ಫಿಸಿಯೋಥೆರಪಿ ಎಲ್ಲಿ ಸಿಗುತ್ತದೆ, ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಎಲ್ಲಿ ಹಾಕಬೇಕು ಎಂಬುದನ್ನು ತಿಳಿದುಕೊಂಡೇ ಹೋಗಬೇಕು.