ಮಿಕ್ಸಿ ಕೆಟ್ಟಿಲ್ಲಮ್ಮಾ, ಇದು ಪೆಂಡೆರೆಟ್ಸ್ಕಿ

ಮೊನ್ನೆ ರಾತ್ರಿ ಊಟ ಆದ ಮೇಲೆ ಸ್ಪೀಕರ್‌ನಲ್ಲಿ ಒಂದು ರೆಕಾರ್ಡಿಂಗ್ ಹಾಕಿದೆ. ಹತ್ತು ಸೆಕೆಂಡೂ ಆಗಿರಲಿಲ್ಲ, ಅಡುಗೆಮನೆಯಿಂದ ಅಮ್ಮನ ದನಿ: "ಏನೋ ಅದು, ಮಿಕ್ಸಿ ಕೆಟ್ಟೋಯ್ತಾ?"

ಮಿಕ್ಸಿ ಕೆಟ್ಟಿರಲಿಲ್ಲ. ಅದು ಪೋಲೆಂಡಿನ ಸಂಗೀತ ರಚನಕಾರ ಕ್ಷಿಶ್ತೋಫ್ ಪೆಂಡೆರೆಟ್ಸ್ಕಿ 1960ರಲ್ಲಿ ಬರೆದ ಕೃತಿ. ಹಿರೋಶಿಮಾದಲ್ಲಿ ಸತ್ತವರಿಗಾಗಿ ಶೋಕಗೀತೆ. ಒಟ್ಟು 52 ತಂತಿವಾದ್ಯ: 24 ವಯಲಿನ್, 10 ವಿಯೋಲಾ, 10 ಚೆಲ್ಲೊ, 8 ಡಬಲ್ ಬೇಸ್. ಮೊದಲಿಗೇ ಬರೆದಿರುವುದು ಸ್ವರವಲ್ಲ, ಕಪ್ಪು ತ್ರಿಕೋನ. ನಿಮ್ಮ ವಾದ್ಯ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲಿನ ಸ್ವರ ಹಿಡಿಯಿರಿ ಅಂತ ಅದರ ಅರ್ಥ. ತಾಳದ ಲೆಕ್ಕವೂ ಇಲ್ಲ, ಸೆಕೆಂಡುಗಳ ಲೆಕ್ಕ ಇದೆ.

ಈ ರೆಕಾರ್ಡಿಂಗ್ ಕೇಳಿಸಿದಾಗ ಗೆಳೆಯನೊಬ್ಬ ಗಂಭೀರವಾಗಿ ಹೇಳಿದ್ದ: "ಇದರಲ್ಲಿ ನೆಗೆಟಿವ್ ವೈಬ್ರೇಶನ್ ಇದೆ, ಮನೇಲಿ ಹಾಕಬೇಡ." ಈ ಮಾತು ಕೇಳಿದರೆ ನನಗೆ ತಡೆಯಲಾಗುವುದಿಲ್ಲ. ಗಾಳಿಯ ಕಂಪನಕ್ಕೆ ಒಳ್ಳೇದು ಕೆಟ್ಟದ್ದು ಗೊತ್ತಾ? ಮೈ ಜುಮ್ಮೆನ್ನುವುದು ನಿಜ. ಆದರೆ ಕಾರಣ ಮನೆಯ ವಾಸ್ತುವಿನಲ್ಲಿಲ್ಲ, ಕಿವಿಯ ಒಳಗಿದೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗೆ ಸುಮಾರು 35 ಮಿಲಿಮೀಟರ್ ಉದ್ದದ ಪೊರೆ. ಕೀರಲು ಸ್ವರ ಬಾಗಿಲ ಹತ್ತಿರ ಅದನ್ನು ಅಲುಗಿಸುತ್ತದೆ, ದಪ್ಪ ಸ್ವರ ಒಳತುದಿಯಲ್ಲಿ. ಹಾರ್ಮೋನಿಯಂ ಮನೆಗಳನ್ನು ಸುರುಳಿ ಸುತ್ತಿಟ್ಟ ಹಾಗೆ ಅಂದುಕೊಳ್ಳಿ. ಆದರೆ ಈ ಮನೆಗಳಿಗೆ ಗೋಡೆ ಇಲ್ಲ! ಪ್ರತಿ ಸ್ವರವೂ ಪೊರೆಯ ಮೇಲೆ ಅಕ್ಕಪಕ್ಕ ಒಂದಿಷ್ಟು ಜಾಗ ಹಿಡಿಯುತ್ತದೆ. ಸಿಟಿ ಬಸ್ಸಿನ ಸೀಟಿನ ಹಾಗೆ. ದೂರದ ಸ್ವರಗಳು ಬೇರೆ ಬೇರೆ ಸೀಟಿನಲ್ಲಿ ಹಾಯಾಗಿ ಕೂರುತ್ತವೆ. ಹತ್ತಿರದವು ಒಂದೇ ಸೀಟಿಗೆ ನುಗ್ಗುತ್ತವೆ.

ನುಗ್ಗಿದರೆ ಏನಾಗುತ್ತದೆ? ಒಂದೇ ಒರಳಿಗೆ ಇಬ್ಬರು ಒನಕೆ ಹಾಕುವುದನ್ನು ನೆನೆಯಿರಿ. ಇಬ್ಬರ ವೇಗದಲ್ಲಿ ಕೂದಲಷ್ಟು ವ್ಯತ್ಯಾಸ ಇದ್ದರೂ ಸಾಕು. ಒಮ್ಮೆ ಏಟುಗಳು ಜೊತೆಗೆ ಬೀಳುತ್ತವೆ, ಒಮ್ಮೆ ಒಂದರ ನಡುವೆ ಇನ್ನೊಂದು. ಸದ್ದು ಉಬ್ಬುತ್ತದೆ, ತಗ್ಗುತ್ತದೆ. ತಂಬೂರಿ ಶ್ರುತಿ ಮಾಡುವವರಿಗೆ ಇದು ದಿನದ ಕೆಲಸ. ತಂತಿಗಳು ಹತ್ತಿರ ಬಂದಂತೆ "ವಂಯ್... ವಂಯ್..." ನಿಧಾನ ಆಗುತ್ತಾ ಆಗುತ್ತಾ ನಿಂತೇ ಹೋಗುತ್ತದೆ. (ತಂಬೂರಿ ಅಂದರೆ ಸಿ.ವಿ. ರಾಮನ್ ನೆನಪಾಗುತ್ತಾರೆ. ಬೆಂಗಳೂರಿಗೆ ಬರುವ ಮೊದಲೇ, 1921ರಲ್ಲಿ, ತಂಬೂರಿ ಮತ್ತು ವೀಣೆಯಲ್ಲಿ ತಂತಿಗಳನ್ನು ಹೊರುವ ಕುದುರೆಯ ಬಾಗಿನ ಬಗ್ಗೆ ಬರೆದಿದ್ದರು. ಅದೊಂದು ಬೇರೆಯೇ ಕಥೆ, ಶುರು ಮಾಡಿದರೆ ಮುಗಿಯುವುದಿಲ್ಲ.)

ತಂಬೂರಿಯವರು ಈ ವಂಯ್‌ಯನ್ನು ಓಡಿಸುತ್ತಾರೆ. ಪೆಂಡೆರೆಟ್ಸ್ಕಿ ಅದನ್ನೇ ಕರೆದು ಕೂರಿಸಿದರು. ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ಅಂತರ ಅರ್ಧ ಸ್ವರ; ವಾದಕರಿಗೆ ಅದರ ಅರ್ಧ, ಅಂದರೆ ಕಾಲು ಸ್ವರದ ಅಂತರ ಕೊಟ್ಟರು. 440 ಹರ್ಟ್ಸ್ (ಅಂದರೆ ಸೆಕೆಂಡಿಗೆ 440 ಕಂಪನ) ಪಕ್ಕದ ಕಾಲು ಸ್ವರ ಸುಮಾರು 453. ಸೆಕೆಂಡಿಗೆ 13 ಏರಿಳಿತ. ಎರಡು ಸ್ಥಾಯಿ ಮೇಲೆ ಹೋದರೆ 52. ಆ ವೇಗದಲ್ಲಿ ಏರಿಳಿತ ಎಣಿಸಲಾಗುವುದಿಲ್ಲ, ಬರೀ ಗರಗರ ಕೇಳುತ್ತದೆ. 440ರ ಆಸುಪಾಸಿನಲ್ಲಿ ಒಂದು ಸೀಟಿಗೆ ಐದಾರು ವಾದ್ಯ ಬೀಳುತ್ತವೆ! 2015ರ ಒಂದು ಅಧ್ಯಯನ ಮನುಷ್ಯರ ಚೀರಾಟವನ್ನು ಅಳೆಯಿತು. ಅದರಲ್ಲೂ ಸೆಕೆಂಡಿಗೆ 30ರಿಂದ 150 ಬಾರಿಯ ಇದೇ ಥರದ ಒರಟು ಇತ್ತು. ಯಾರೋ ಚೀರಿದರೆ ಎದ್ದು ಕೂರುವ ಕಿವಿ ಇಲ್ಲೂ ಎದ್ದು ಕೂರುತ್ತದೆ. ಇದೇ ನಮ್ಮ ನೆಗೆಟಿವ್ ವೈಬ್ರೇಶನ್.

ನಂಬಿಕೆ ಬರದಿದ್ದರೆ ಮೊಬೈಲ್‌ನ ಟೋನ್ ಜನರೇಟರ್ ಆ್ಯಪ್ ತೆಗೆಯಿರಿ. ಎರಡು ಫೋನ್ ಬೇಕು. ಒಂದರಲ್ಲಿ 440, ಇನ್ನೊಂದರಲ್ಲಿ 441. ಸೆಕೆಂಡಿಗೊಂದು ಉಬ್ಬು, ಜೋಕಾಲಿ ಹಾಗೆ. 453 ಮಾಡಿ, ಹಲ್ಲು ಜುಮ್ಮೆನ್ನುತ್ತದೆ. 550 ಮಾಡಿ, ಜಗಳ ಮುಗಿಯಿತು. ಈಗ ಹೆಡ್‌ಫೋನ್ ಹಾಕಿ ಎಡಗಿವಿಗೆ 440, ಬಲಗಿವಿಗೆ 453 ಕೊಡಿ. ಒರಟು ಬಹುಮಟ್ಟಿಗೆ ಮಾಯ! ಸ್ವರಗಳು ಅವೇ, ಆದರೆ ಈಗ ಒರಳು ಎರಡು.

ಇನ್ನು ಹೆಸರಿನ ವಿಷಯ. ಈ ಸಂಗೀತ ಬಾಂಬ್ ಬೀಳುವುದನ್ನೇ ಚಿತ್ರಿಸುತ್ತದೆ, ವಿಮಾನದ ಸದ್ದೂ ಇದೆ ಅನ್ನುವವರಿದ್ದಾರೆ. ಆದರೆ ಕೃತಿಯ ಮೊದಲ ಹೆಸರೇ '8 ನಿಮಿಷ 37 ಸೆಕೆಂಡ್'! ಸ್ತಾಲಿನ್ ಕಾಲದ ಬಿಗಿ ಸಡಿಲಾಗಿ, 1956ರಲ್ಲಿ ಹೊಸ ಸಂಗೀತದ 'ವಾರ್ಸಾ ಶರತ್ಕಾಲ' ಉತ್ಸವ ಶುರುವಾಗಿತ್ತು. ಪೋಲೆಂಡಿನ ಹುಡುಗರು ಸ್ವರ ಬಿಟ್ಟು ಸದ್ದಿನ ಹಿಂದೆ ಬಿದ್ದ ದಿನಗಳವು. ಪೆಂಡೆರೆಟ್ಸ್ಕಿಗೂ ಅದು ಕಾಗದದ ಮೇಲಿನ ಲೆಕ್ಕವೇ. ವಾದ್ಯಗೋಷ್ಠಿ ನುಡಿಸಿದ್ದನ್ನು ಕೇಳಿದ ಮೇಲೆ ಅವರೇ ಬೆಚ್ಚಿದರು, ಹಿರೋಶಿಮಾ ಹೆಸರು ಆಮೇಲೆ ಬಂತು. 1961ರಲ್ಲಿ ಯುನೆಸ್ಕೊ ಬಹುಮಾನವೂ ಬಂತು. ಕಾಕ್ಲಿಯಾದ ಪೊರೆಯಲ್ಲಿ ಅಲೆ ಓಡುವುದನ್ನು ತೋರಿಸಿದ ವಿಜ್ಞಾನಿ ಬೇಕೇಶಿಗೆ ನೊಬೆಲ್ ಬಂದದ್ದೂ ಅದೇ ವರ್ಷ. ಸುಮ್ನೆ ಕಾಕತಾಳೀಯ, ಆದರೂ ನನಗೆ ಖುಷಿ.

ಕೊನೆಯಲ್ಲಿ 52 ವಾದ್ಯಗಳೂ ಒಟ್ಟಿಗೆ ಎದ್ದು, ಸುಮಾರು ಎರಡು ಸ್ಥಾಯಿಯನ್ನು ಕಾಲು ಸ್ವರಗಳಿಂದ ತುಂಬುತ್ತವೆ. ಜೋಡಿ ಲೆಕ್ಕ ಹಾಕಿದರೆ 1326. ಇವುಗಳಲ್ಲಿ ಹತ್ತಿರದ ಜೋಡಿಗಳ ಏರಿಳಿತವೆಲ್ಲ ಒಂದರ ಮೇಲೊಂದು ಬಿದ್ದಾಗ ಗರಗರವೂ ಉಳಿಯುವುದಿಲ್ಲ, ಮಳೆಯಂಥ ಸದ್ದಾಗುತ್ತದೆ. ಅದು ಅರ್ಧ ನಿಮಿಷದಲ್ಲಿ ಕರಗುತ್ತಾ ಹೋಗುತ್ತದೆ. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಿದ್ದರು. "ಮುಗೀತಾ?" ಅಂದರು. ನಾನು ಸ್ಪೀಕರ್‌ಗೆ ಕಿವಿ ಇಟ್ಟು ನೋಡಿದೆ. ಕೇಳುತ್ತಿದ್ದದ್ದು ಪೋಲೆಂಡೋ, ನಮ್ಮ ಸೀಲಿಂಗ್ ಫ್ಯಾನೋ, ಗೊತ್ತಾಗಲಿಲ್ಲ.